ಶಾರ್ಟ್‌ವೇವ್ ರೇಡಿಯೊ ಕರಕರ ಎಂದರೆ ಕೆಟ್ಟುಹೋಗಿದೆಯೇ?

‘ಈಗ ಶಾರ್ಟ್‌ವೇವ್ ಪ್ರಸಾರವೇ ಇಲ್ಲ, ಬರೀ ಕರಕರ. ಹಳೇ ರೇಡಿಯೊ ಗುಜರಿಗೆ ಹಾಕಿ’ ಎನ್ನುವ ಮಾತನ್ನು ನೀವೂ ಕೇಳಿರಬಹುದು. ಅಜ್ಜನ ರೇಡಿಯೊ ಎಸೆಯುವ ಮುನ್ನ ಸ್ವಲ್ಪ ತಡೆಯಿರಿ.

ಕೇಂದ್ರಗಳು ಕಡಿಮೆಯಾಗಿರುವುದು ನಿಜ. ಬಿಬಿಸಿ ಹಿಂದಿ 2020ರ ಜನವರಿಯಲ್ಲಿ ಶಾರ್ಟ್‌ವೇವ್ ಪ್ರಸಾರ ನಿಲ್ಲಿಸಿತು. ಆದರೆ ಕರಕರ ಸದ್ದಿಗೆ ಕಾರಣವೇ ಬೇರೆ. ಅದು ಹೆಚ್ಚಾಗಿ ನಮ್ಮ ಮನೆಯಲ್ಲೇ ಹುಟ್ಟುತ್ತದೆ. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬ್‌ಗಳ ಒಳಗಿನ ಸರ್ಕ್ಯೂಟ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುತ್ತದೆ. ಆಗ ಹೊಮ್ಮುವ ಅಲೆಗಳು ರೇಡಿಯೊಗೆ ನುಗ್ಗುತ್ತವೆ.

ಪರೀಕ್ಷೆ ಸುಲಭ. ರೇಡಿಯೊಗೆ ಸೆಲ್ ಹಾಕಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಸದ್ದು ತಗ್ಗಿತೇ? ಹಾಗಾದರೆ ರೇಡಿಯೊದ ತಪ್ಪಿಲ್ಲ. ಮತ್ತೆ ಕರೆಂಟ್ ಕೊಟ್ಟು ಒಂದೊಂದೇ ಉಪಕರಣ ಹಚ್ಚುತ್ತಾ ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ.

ಆರ್‌ಸಿಸಿ ಮನೆಯ ಕಬ್ಬಿಣದ ಸರಳುಗಳೂ ಸಿಗ್ನಲ್ ತಡೆಯುತ್ತವೆ. ರೇಡಿಯೊವನ್ನು ಕಿಟಕಿ ಬಳಿ ಇಡಿ. ಆ್ಯಂಟೆನಾಗೆ ನಾಲ್ಕೈದು ಮೀಟರ್ ವೈರನ್ನು ಕ್ಲಿಪ್ ಹಾಕಿ ಕಟ್ಟಿದರೆ ಇನ್ನೂ ಒಳ್ಳೆಯದು. ಕರೆಂಟ್ ತಂತಿಯ ಹತ್ತಿರ ಮಾತ್ರ ಕಟ್ಟಬೇಡಿ. ಮೋಡ ಕವಿದು ಗುಡುಗುವ ಮೊದಲೇ ವೈರ್ ಬಿಚ್ಚಿಬಿಡಿ.

ಹೊತ್ತೂ ಮುಖ್ಯ. ಹಗಲಲ್ಲಿ ವಾತಾವರಣದ ‘ಡಿ’ ಪದರ ಕಡಿಮೆ ಆವರ್ತನದ ಅಲೆಗಳನ್ನು ಹೀರಿಕೊಳ್ಳುತ್ತದೆ, ರಾತ್ರಿ ಅದು ಕರಗುತ್ತದೆ. ಹಾಗಾಗಿ ಮಧ್ಯಾಹ್ನ 15 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಕತ್ತಲಾದ ಮೇಲೆ 6, 7, 9ರ ಸುತ್ತ ಮುಳ್ಳು ತಿರುಗಿಸಿ ನೋಡಿ.

ಇಷ್ಟಾದರೂ ದನಿ ಆಗಾಗ ಏರಿಳಿಯುತ್ತದೆ. ದೂರದ ಕೇಂದ್ರದ ಅಲೆಗಳು ಅಯಾನುಗೋಳದಲ್ಲಿ ಬಾಗಿ, ಬೇರೆಬೇರೆ ದಾರಿ ಹಿಡಿದು ಬರುವುದರಿಂದ ಹಾಗಾಗುತ್ತದೆ. ರಿಪೇರಿ ಅಂಗಡಿಯಲ್ಲಿ ಅದಕ್ಕೆ ಮದ್ದಿಲ್ಲ.