ತುಂಗಭದ್ರೆಯ ಹರಿವು ಮತ್ತು ನಮ್ಮ ಹಳ್ಳದ ಮೀನು



ಕಳೆದ ಬೇಸಿಗೆಯಲ್ಲಿ ಅಕ್ಕಿ ಮತ್ತು ಒಣಹುಲ್ಲಿನ ವಿಚಾರವಾಗಿ ನಾವು ಕೆಲವರು ಸಿಂಧನೂರಿಗೆ ಹೋಗಿದ್ದೆವು. ಸಿರುಗುಪ್ಪದ ಕಡೆಯಿಂದ ಬರುವಾಗ ಧಡೇಸುಗೂರಿನ ಬಳಿ ತುಂಗಭದ್ರೆಯನ್ನು ದಾಟಬೇಕು. ಸೇತುವೆಯ ಮೇಲೆ ವಾಹನ ನಿಲ್ಲಿಸಿ ನೋಡಿದೆವು. ಶೃಂಗೇರಿಯಲ್ಲಿ ನಾವು ಕೈಮುಗಿಯುವ ತುಂಗೆ, ಬಾಳೆಹೊನ್ನೂರಿನಲ್ಲಿ ನಮ್ಮ ತೋಟದ ಬದಿಯಲ್ಲಿ ಹರಿಯುವ ಭದ್ರೆ, ಎರಡೂ ಕೂಡಿದ ಆ ಹೊಳೆ ಅಲ್ಲಿ ಮರಳಿನ ನಡುವೆ ಅಲ್ಲೊಂದು ಇಲ್ಲೊಂದು ಮಡುವಾಗಿ ನಿಂತಿತ್ತು.

ಊರಿನ ಸಂತೆಯಲ್ಲಿ ಮೀನಿಗೇನೂ ಬರವಿರಲಿಲ್ಲ. ಆದರೆ ಬುಟ್ಟಿಗಳಲ್ಲಿ ಇದ್ದದ್ದೆಲ್ಲ ಹೊಂಡದಲ್ಲಿ ಸಾಕಿದ ಕಾಟ್ಲಾ, ರೋಹು ಮತ್ತು ಜಿಲೇಬಿ. ಹೊಳೆಮೀನು ಇಲ್ಲವೇ ಎಂದು ಕೇಳಿದ್ದಕ್ಕೆ ಮಾರುತ್ತಿದ್ದ ತಾಯಿ ನಕ್ಕು, "ಹೊಳ್ಯಾಗ ನೀರ ಇಲ್ರಿ ಅಣ್ಣಾರ, ಮೀನ ಎಲ್ಲಿಂದ ಬರಬೇಕ್ರಿ?" ಎಂದರು. ಈ ಮಾತಿನಲ್ಲಿರುವ ಸತ್ಯವನ್ನು ಸದಸ್ಯರ ಮುಂದಿಡುವುದು ಉಚಿತವೆಂದು ತೋರಿತು.

ನೀರಿದ್ದರೆ ಮೀನು ಎಂಬುದು ಅರ್ಧ ಸತ್ಯ. ಯಾವ ಕಾಲಕ್ಕೆ, ಎಷ್ಟು ನೀರು, ಎಷ್ಟು ವೇಗದಲ್ಲಿ ಹರಿಯುತ್ತದೆ ಎಂಬುದರ ಮೇಲೆ ಯಾವ ಯಾವ ಜಾತಿಯ ಮೀನು ಉಳಿಯುತ್ತದೆ ಎಂಬುದು ನಿಂತಿದೆ. ಮಲೆನಾಡಿನ ನಾವು ಇದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಮುಂಗಾರಿನ ಮೊದಲ ಕೆನ್ನೀರು ಹಳ್ಳಕ್ಕೆ ಇಳಿದ ರಾತ್ರಿ ಹತ್ತುಮೀನು ಏಳುವುದನ್ನು ನಾವೆಲ್ಲ ಕಂಡವರೇ. ನೀರು ಏರಿದ್ದು, ತಂಪಾದದ್ದು, ಮಣ್ಣಿನ ವಾಸನೆ ಬಂದದ್ದು, ಇವೇ ಮೀನಿಗೆ ಮೊಟ್ಟೆಯಿಡುವ ಕರೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಅವು ಹತ್ತುತ್ತವೆ. ದೊಡ್ಡ ಗೆಂಡೆ ಜಾತಿಗಳ ಮೊಟ್ಟೆಗಳು ಹರಿಯುವ ನೀರಿನಲ್ಲಿ ತೇಲುತ್ತ ಸಾಗಿದರೆ ಮಾತ್ರ ಚೆನ್ನಾಗಿ ಮರಿಯಾಗುತ್ತವೆ. ಶೃಂಗೇರಿಯ ದೇವರಮೀನುಗಳ ಪೈಕಿ ಪ್ರಸಿದ್ಧವಾದ ಮಶೀರ್ ಜಾತಿಗೆ ಕಲ್ಲುಬಂಡೆಗಳ ನಡುವೆ ರಭಸದಿಂದ ಹರಿಯುವ, ಪ್ರಾಣವಾಯು ತುಂಬಿದ ಸ್ವಚ್ಛ ನೀರು ಬೇಕು. ಕೊರವನಂಥ ಮೀನು ಮೇಲೆ ಬಂದು ಗಾಳಿ ಎಳೆದುಕೊಂಡು ಕೆಸರಿನ ಕೆರೆಯಲ್ಲೂ ಬದುಕೀತು. ಮಶೀರಿಗೆ ಅದು ಸಾಧ್ಯವಿಲ್ಲ. ಹರಿವು ನಿಂತಾಗ ಎಲ್ಲ ಮೀನೂ ಸಾಯುವುದಿಲ್ಲ. ನಿಂತ ನೀರಿಗೆ ಒಗ್ಗುವ ನಾಲ್ಕಾರು ಜಾತಿ ಹೆಚ್ಚಿ, ಹರಿವನ್ನೇ ನಂಬಿದ ಹತ್ತಾರು ಜಾತಿ ಮರೆಯಾಗುತ್ತವೆ.

ತುಂಗಭದ್ರೆಯಲ್ಲಿ ಆದದ್ದೂ ಇದೇ. ವಿಜಯನಗರದ ಅರಸರು ಈ ಹೊಳೆಗೆ ಕಟ್ಟಿಸಿದ ಕಲ್ಲಿನ ಅಡ್ಡಗಟ್ಟೆಗಳು ಗಿಡ್ಡವಾದವು. ಮಳೆಗಾಲದ ಪ್ರವಾಹ ಅವುಗಳ ಮೇಲೆ ಹರಿಯುತ್ತದೆ, ಮೀನಿಗೂ ದಾರಿ ಸಿಗುತ್ತದೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಾದರೋ ಸುಮಾರು 49 ಮೀಟರ್ ಎತ್ತರದ ಗೋಡೆ. ಅದನ್ನು ಹತ್ತುವ ಮೀನಿಲ್ಲ. ಅದರ ಎಡದಂಡೆ ನಾಲೆಯಿಂದಲೇ ಸಿಂಧನೂರು ಭತ್ತದ ಕಣಜವಾಯಿತು, ಆ ಅನ್ನವನ್ನು ನಾವೂ ಉಣ್ಣುತ್ತಿದ್ದೇವೆ. ಆದ್ದರಿಂದ ಅಣೆಕಟ್ಟನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಅದಕ್ಕೆ ತೆತ್ತ ಬೆಲೆ ತಿಳಿದಿರಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ನಾಲೆಯ ರೈತರೆಲ್ಲ ಬೆಳೆಯ ಚಿಂತೆಯಲ್ಲಿ ನಿದ್ದೆಗೆಟ್ಟರು. ಗೇಟಿನ ಕೀಲಿಯಲ್ಲಿ ತಮ್ಮ ಬದುಕಿದೆಯೆಂಬುದು ಅವರಿಗೆ ಗೊತ್ತು. ಕೆಳಗಿನ ಹೊಳೆಯ ಮೀನಿನ ಬದುಕೂ ಅದೇ ಗೇಟಿನಲ್ಲಿದೆ, ಕೇಳುವವರು ಮಾತ್ರ ಇಲ್ಲ.

ನೀರಿನೊಳಗಿನ ಹುಲ್ಲು ಮೇಯುವ ನಮ್ಮದೇ ಒಂದು ಗೆಂಡೆ, ಶಾಸ್ತ್ರಜ್ಞರು ಹೈಪ್ಸೆಲೊಬಾರ್ಬಸ್ ಪುಲ್ಕೆಲ್ಲಸ್ ಎನ್ನುವುದು, ಹಿಂದೆ ತುಂಗಭದ್ರೆಯಲ್ಲಿ ಸಾಕಷ್ಟು ಸಿಗುತ್ತಿತ್ತು. ಇಂದು ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದೆ. ಜಗತ್ತಿನಾದ್ಯಂತ ಲೆಕ್ಕಕ್ಕೆ ಸಿಕ್ಕ ವಲಸೆ ಹೋಗುವ ಸಿಹಿನೀರಿನ ಮೀನುಗಳ ಸಂಖ್ಯೆ 1970ರಿಂದ 2020ರವರೆಗೆ ಸರಾಸರಿ ಶೇಕಡಾ 81ರಷ್ಟು ಕುಸಿದಿದೆಯೆಂದು 2024ರ ವರದಿಯೊಂದು ಹೇಳುತ್ತದೆ. ಹೊಳೆ ಇನ್ನೂ ಪೂರ್ತಿ ಸತ್ತಿಲ್ಲವೆಂಬುದೂ ನಿಜ. ಅಣೆಕಟ್ಟಿನ ಕೆಳಗೆ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶವೆಂದು ಸರ್ಕಾರ ಘೋಷಿಸಿತು. ನೀರುನಾಯಿ ಇದೆಯೆಂದರೆ ಅದಕ್ಕೆ ತಿನ್ನಲು ಮೀನಿದೆಯೆಂದು ಅರ್ಥ.

ಇದಕ್ಕೂ ಕಾಫಿ ಅಡಿಕೆ ಬೆಳೆಗಾರರಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಗಂಗಾಮೂಲದಿಂದ ಗಾಜನೂರಿನವರೆಗೆ ತುಂಗೆ, ಲಕ್ಕವಳ್ಳಿಯವರೆಗೆ ಭದ್ರೆ ದೊಡ್ಡ ಅಣೆಕಟ್ಟಿನ ಅಡ್ಡಿಯಿಲ್ಲದೆ ಹರಿಯುತ್ತವೆ. ಆ ಭಾಗದ ದಂಡೆಗಳಲ್ಲಿರುವವರು ನಾವೇ. ಹಿಂದೆ ನಮ್ಮ ಹಳ್ಳದಲ್ಲಿ ಮೀನು ಕಡಿಮೆಯಾದರೆ ಕೆಳಗಿನ ಹೊಳೆಯಿಂದ ಹತ್ತಿ ಬಂದು ತುಂಬಿಕೊಳ್ಳುತ್ತಿತ್ತು. ಈಗ ಕೆಳಗಿನ ದಾರಿ ಮುಚ್ಚಿದೆ. ಮೇಲಿನ ಮೀನು ನೆರೆಯಲ್ಲಿ ಕೋಡಿ ಬಿದ್ದು ಕೆಳಗೆ ಹೋದೀತು, ಕೆಳಗಿನದು ಮೇಲೆ ಬಾರದು. ಇಲ್ಲಿ ಕಳೆದುಕೊಂಡ ಜಾತಿಯನ್ನು ಮತ್ತೆ ತಂದುಕೊಡುವವರಿಲ್ಲ.

ನಮ್ಮ ಕೆಲಸಗಳ ಕಾಲವನ್ನೂ ಗಮನಿಸಿರಿ. ಹಣ್ಣು ಪಲ್ಪಿಂಗ್ ಮಾಡುವುದು ಡಿಸೆಂಬರಿನಿಂದ. ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುವುದು, ಅಡಿಕೆಗೆ ನೀರು ಹಾಯಿಸುವುದು ಫೆಬ್ರವರಿ, ಮಾರ್ಚಿನಲ್ಲಿ. ಹಳ್ಳ ಅತ್ಯಂತ ಸಣ್ಣದಾಗಿರುವುದೂ ಆಗಲೇ. ಮಳೆಗಾಲದಲ್ಲಿ ಹೊಳೆ ಸಹಿಸಿಕೊಳ್ಳುವ ಕೊಳೆಯನ್ನು ಮಾರ್ಚಿನ ಮಡು ಸಹಿಸಲಾರದು. ಪಲ್ಪರಿನ ಲೋಳೆನೀರು ಕೊಳೆಯುವಾಗ ನೀರಿನ ಪ್ರಾಣವಾಯುವನ್ನೆಲ್ಲ ಹೀರಿಕೊಳ್ಳುತ್ತದೆ, ಮೀನು ಉಸಿರುಗಟ್ಟಿ ಬಾಯಿ ಮೇಲೆ ಮಾಡುತ್ತದೆ. ಅದೇ ಮಡುವಿನಿಂದ ಕೆಳಗಿನ ಮನೆಯವರು ಬಿಂದಿಗೆ ತುಂಬುತ್ತಾರೆಂಬುದನ್ನು ಮರೆಯಬಾರದು.

ಆದಕಾರಣ ಸದಸ್ಯರಲ್ಲಿ ನಮ್ಮ ಕೆಲವು ಸೂಚನೆಗಳು:

ಪಲ್ಪರಿನ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡದೆ ಗುಂಡಿಗಳಲ್ಲಿ ತಂಗಿಸಿ, ಸುಣ್ಣ ಹಾಕಿ ಹುಳಿ ತೆಗೆಯಿರಿ. ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಸೇರಿಸಿರಿ.

ಮರಳುಚೀಲ ಕಟ್ಟಿ ಪಂಪು ಇಡುವಾಗ ಹಳ್ಳವನ್ನು ಪೂರ್ತಿ ಕಟ್ಟಬೇಡಿರಿ. ಒಂದು ಪಾಲು ನೀರು ಸದಾ ಕೆಳಗೆ ಹರಿಯುತ್ತಿರಲಿ. ಅನುಕೂಲವಿದ್ದವರು ಮಳೆಗಾಲದಲ್ಲೇ ತೋಟದ ಕೆರೆ ತುಂಬಿಸಿಕೊಳ್ಳುವುದು ಲೇಸು.

ಕೊಳೆರೋಗಕ್ಕೆ ಬೋರ್ಡೋ ಹೊಡೆದ ಡ್ರಮ್ಮು, ಪಂಪುಗಳನ್ನು ಹಳ್ಳದಲ್ಲಿ ತೊಳೆಯಬೇಡಿರಿ. ಮೈಲುತುತ್ತದ ತಾಮ್ರ ಮೀನಿಗೆ ವಿಷ.

ಹತ್ತುಮೀನಿನ ಕಾಲದಲ್ಲಿ ಮೊಟ್ಟೆ ತುಂಬಿದ ಮೀನನ್ನು ಬಿಟ್ಟುಬಿಡಿರಿ. ಹಳ್ಳಕ್ಕೆ ಅಡ್ಡಲಾಗಿ ಕೂಣಿ ಇಟ್ಟು ದಾರಿ ಪೂರ್ತಿ ಮುಚ್ಚುವುದು, ತೋಟೆ ಸಿಡಿಸುವುದು, ಮದ್ದು ಹಾಕುವುದು ಬೇಡವೇ ಬೇಡ.

ಧಡೇಸುಗೂರಿನ ಸೇತುವೆಯ ಕೆಳಗೆ ನೀರು ಹರಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ತೋಟದ ತಗ್ಗಿನ ಹಳ್ಳ ಮಾತ್ರ ನಮ್ಮ ಕೈಯಲ್ಲಿದೆ. ಬರುವ ಮುಂಗಾರಿನ ಮೊದಲ ಕೆನ್ನೀರಿನಲ್ಲಿ ಲಾಟೀನು ಹಿಡಿದು ಹೋದಾಗ ಮಕ್ಕಳಿಗೆ ತೋರಿಸಲು ಮೀನು ಇರುತ್ತದೆಯೋ ಇಲ್ಲವೋ ಎಂಬುದು ಈ ಮಾರ್ಚಿನಲ್ಲಿ ನಾವು ಬಿಡುವ ನೀರಿನ ಮೇಲೆ ನಿಂತಿದೆ.