ಕುದುರೆ ಬಂತು, ಜಗ್ಗು ಹೋಯ್ತು

ಜೇವರ್ಗಿಯ ಹೆದ್ದಾರಿ ಬದಿಯ ಆ ಗ್ಯಾರೇಜಿನಲ್ಲಿ ಅವತ್ತು ಎಂದಿನಂತೆ ಎರಡು ಟ್ರ್ಯಾಕ್ಟರ್, ಒಂದು ಟಂಟಂ, ಗೇರ್‌ಬಾಕ್ಸ್ ಇಳಿಸಿದ ಒಂದು ಬೊಲೆರೊ ನಿಂತಿದ್ದವು. ಅವುಗಳ ನಡುವೆ ಬಾನೆಟ್ ಎತ್ತಿಕೊಂಡು ನಿಂತಿದ್ದ ಬಿಳಿ ಹೊಂಡಾ ಸಿಟಿ ವಿಟೆಕ್ ಮಾತ್ರ ಬೇರೆ ಊರಿನಿಂದ ಬಂದ ಬೀಗರ ಹಾಗೆ ಕಾಣುತ್ತಿತ್ತು. 2003ರಲ್ಲಿ ಡಾಲ್ಫಿನ್ ಆಕಾರದ ಹೊಸ ಸಿಟಿ ಬರುವ ಮೊದಲಿನ ಮಾದರಿ. 1.5 ಲೀಟರ್ ಎಂಜಿನ್, 106 ಕುದುರೆಯ ಶಕ್ತಿ. ಆ ಕಾಲಕ್ಕೆ ನಮ್ಮ ದೇಶದ ರಸ್ತೆಯಲ್ಲಿ ಇಷ್ಟು ದುಡ್ಡಿಗೆ ಇಷ್ಟು ಚುರುಕಿನ ಕಾರು ಇನ್ನೊಂದಿರಲಿಲ್ಲ ಎಂದು ಪ್ರಮಾಣ ಮಾಡುವವರು ಇವತ್ತಿಗೂ ಇದ್ದಾರೆ. ನಾನೂ ಅವರಲ್ಲೊಬ್ಬ. ಆದ್ದರಿಂದ ಈ ಬರಹದಲ್ಲಿ ಪಕ್ಷಪಾತ ಕಂಡರೆ ಅಚ್ಚರಿಪಡಬೇಡಿ.

ನನ್ನ ಕಣ್ಣು ಹೋದದ್ದು ಎಂಜಿನ್ ಪಕ್ಕದ ಹೊಳೆಯುವ ಅಲ್ಯೂಮಿನಿಯಂ ತುಂಡಿನ ಮೇಲೆ. ನಾಲ್ಕು ಗಿಡ್ಡ, ದಪ್ಪ ಕೊಳವೆಗಳು. ಅವೆಲ್ಲ ಸೇರುವಲ್ಲಿ ಒಂದು ದೊಡ್ಡ ಡಬ್ಬಿ. ಅದರ ಬಾಯಿಗೆ ಮೊದಲಿಗಿಂತ ಅಗಲವಾದ ಥ್ರಾಟಲ್. ಕಂಪನಿಯ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಹೊರಗಿನದನ್ನು ಕೂಡಿಸಿದ್ದರು. ಗಾಡಿಯ ಒಡೆಯ ಅಫಜಲಪುರದ ಕಡೆಯ ಕಬ್ಬಿನ ಮನೆತನದ ಹುಡುಗ, ಪುಣೆಯಲ್ಲಿ ನೌಕರಿ. ಬಿಡಿಭಾಗವನ್ನು ಅಲ್ಲಿಯೇ ಕೊಂಡು, ಅಲ್ಲಿಯೇ ಹಾಕಿಸಿಕೊಂಡು, ಹಬ್ಬಕ್ಕೆ ಊರಿಗೆ ಓಡಿಸಿಕೊಂಡು ಬಂದಿದ್ದ. ಮಾರಿದವರು ‘ಹತ್ತು ಕುದುರೆ ಗ್ಯಾರಂಟಿ’ ಅಂದಿದ್ದರಂತೆ.

“ಕಾಕಾ, ಐಡ್ಲಿಂಗ್ ನಿಂದರವಲ್ದು ನೋಡ್ರಿ,” ಅಂದ ಹುಡುಗ. ಆರ್‌ಪಿಎಂ ಮುಳ್ಳು 900ರಿಂದ 1,800ಕ್ಕೆ ಏರುವುದು, ಇಳಿಯುವುದು, ಮತ್ತೆ ಏರುವುದು. ಎಸಿ ಹಾಕಿದರೆ ಎಂಜಿನ್ ಬಂದ್.

ಉಸ್ತಾದರು ಮಾತಾಡಲಿಲ್ಲ. ಆಳಂದದಲ್ಲಿ ಲಾರಿ ಗ್ಯಾರೇಜಿನಲ್ಲಿ ಕೆಲಸ ಕಲಿತ ಹಳೆಯ ಕೈ ಅದು. ಕಂಪ್ಯೂಟರಿಗಿಂತ ಕಿವಿಯ ಮೇಲೆ ನಂಬಿಕೆ. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಮ್ಯಾನಿಫೋಲ್ಡ್ ಎಂಜಿನ್ನಿಗೆ ಕೂಡುವ ಸಂದಿಯುದ್ದಕ್ಕೂ ನೀರು ಚಿಮ್ಮಿಸುತ್ತ ಹೋದರು. ನಾಲ್ಕನೆಯ ಸಿಲಿಂಡರಿನ ಹತ್ತಿರ ನೀರು ಬಿದ್ದಾಗ ಎಂಜಿನ್ ಸದ್ದು ಒಂದು ಗಳಿಗೆ ಕೆಳಗಿಳಿದು ಸರಿಯಾಯಿತು, ನೀರು ಆರಿದ ಮೇಲೆ ಮತ್ತೆ ಹಳೆಯ ಏರಿಳಿತ. “ಇಲ್ಲೇ ಗಾಳಿ ಜಗ್ಗಲಾಕತ್ತಾದ, ತಮ್ಮಾ.”

ಬಿಚ್ಚಿ ನೋಡಿದರೆ ಸಂಗತಿ ಇನ್ನೂ ಕೆಟ್ಟಿತ್ತು. ಮ್ಯಾನಿಫೋಲ್ಡಿನ ಫ್ಲ್ಯಾಂಜ್ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಸಂದಿಗೆ ಫೀಲರ್ ಗೇಜಿನ ಎಲೆ ತೂರಿಸಿದರು. ಮೂರು ಕಡೆ ತಡೆಯಿತು, ನಾಲ್ಕನೆಯ ಕಡೆ ಸಲೀಸಾಗಿ ಒಳಗೆ ಹೋಯಿತು. ತಗಡು ತೆಳ್ಳಗಿದ್ದು, ವೆಲ್ಡಿಂಗ್ ಕಾವಿಗೆ ಸೊಟ್ಟಗಾಗಿತ್ತು. ಕಂಪನಿಯವರು ಮ್ಯಾನಿಫೋಲ್ಡಿನ ತಳಕ್ಕೆ ಕೊಟ್ಟಿದ್ದ ಆಸರೆಯ ಬ್ರ್ಯಾಕೆಟ್ ಹೊಸದಕ್ಕೆ ಹೊಂದದೆ ಡಿಕ್ಕಿಯಲ್ಲಿ ಬಿದ್ದಿತ್ತು. ಅಂದರೆ ಅಷ್ಟೂ ಭಾರ ಗ್ಯಾಸ್ಕೆಟ್ ಮತ್ತು ಬೋಲ್ಟುಗಳ ಮೇಲೆಯೇ ತೂಗುತ್ತಿತ್ತು. ಅಫಜಲಪುರದಿಂದ ಜೇವರ್ಗಿಯವರೆಗಿನ ದಾರಿಯ ಕುಲುಕಾಟಕ್ಕೆ ಅದು ಇಷ್ಟು ದಿನ ತಾಳಿದ್ದೇ ದೊಡ್ಡದು.

ಸೋರುವ ಗ್ಯಾಸ್ಕೆಟ್ ರಿಪೇರಿಯಾಗುವ ಕಾಯಿಲೆ. ಲೇತ್ ಅಂಗಡಿಯಲ್ಲಿ ಫೇಸಿಂಗ್ ಮಾಡಿಸಿದರಾಯಿತು. ಉಸ್ತಾದರಿಗೂ ನನಗೂ ತಲೆಬಿಸಿಯಾದದ್ದು ಹುಡುಗನ ಎರಡನೆಯ ದೂರು: “ಟಾಪಿನಾಗ ಚಲೋ ಅದ ರೀ. ಖರೆ ಪಿಕಪ್ ಸತ್ತ ಹೋಗ್ಯಾದ.” ಇದು ಸೋರಿಕೆಯಿಂದ ಬಂದದ್ದಲ್ಲ. ಆ ಬಿಡಿಭಾಗ ಹುಟ್ಟಿದ್ದೇ ಹಾಗೆ ಮಾಡುವುದಕ್ಕೆ.

ಮ್ಯಾನಿಫೋಲ್ಡ್ ಎಂದರೆ ಗಾಳಿ ಹಂಚುವ ಬರಿಯ ಕೊಳವೆ ಎಂದುಕೊಂಡವರೇ ಜಾಸ್ತಿ. ನಿಜದಲ್ಲಿ ಅದು ಅಳತೆ ಹಾಕಿ ಮಾಡಿದ ಸಾಧನ. ವಾಲ್ವ್ ಪಟ್ಟನೆ ಮುಚ್ಚಿದಾಗ ಒಳಗೆ ನುಗ್ಗುತ್ತಿದ್ದ ಗಾಳಿ ಅದಕ್ಕೆ ಢಿಕ್ಕಿ ಹೊಡೆದು ಒತ್ತಡದ ಅಲೆಯೊಂದು ಶಬ್ದದ ವೇಗದಲ್ಲಿ ಹಿಂದೆ ಓಡುತ್ತದೆ, ಕೊಳವೆಯ ಕೊನೆಯಿಂದ ತಿರುಗಿ ಬರುತ್ತದೆ. ಅದು ಮರಳುವ ಹೊತ್ತಿಗೆ ಸರಿಯಾಗಿ ವಾಲ್ವ್ ತೆರೆದಿದ್ದರೆ ಸಿಲಿಂಡರಿಗೆ ಒಂದಿಷ್ಟು ಗಾಳಿ ಪುಕ್ಕಟೆಯಾಗಿ ತುಂಬುತ್ತದೆ. 2,000 ಆರ್‌ಪಿಎಂನಲ್ಲಿ ಒಂದು ಸಿಲಿಂಡರ್ ನಿಮಿಷಕ್ಕೆ 1,000 ಸಲ ಗಾಳಿ ಎಳೆಯುತ್ತದೆ, 6,000ದಲ್ಲಿ 3,000 ಸಲ. ಎಂಜಿನ್ ನಿಧಾನ ಇದ್ದಾಗ ಅಲೆಗೆ ಉದ್ದನೆಯ ದಾರಿ ಬೇಕು. ವೇಗ ಇದ್ದಾಗ ಗಿಡ್ಡ ದಾರಿ ಸಾಕು. ನಳದ ಕೆಳಗೆ ಇಟ್ಟ ಕೊಡ ತುಂಬುತ್ತ ಬಂದಂತೆ ಸದ್ದು ಏರುತ್ತದಲ್ಲ, ಒಳಗಿನ ಗಾಳಿಯ ಕಂಬ ಗಿಡ್ಡವಾಗುವುದರಿಂದ, ಇಲ್ಲಿಯೂ ಅದೇ ಲೆಕ್ಕ. ಗಿಡ್ಡ ಕೊಳವೆ ಹಾಕಿದರೆ ಬಲದ ಶಿಖರ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ. ಕೆಳಗಿನದನ್ನು ತೆಗೆದು ಮೇಲೆ ಇಟ್ಟ ಹಾಗೆ. ಹೊಸದಾಗಿ ಹುಟ್ಟಿದ್ದು ಕಡಿಮೆ.

ಇಲ್ಲೊಂದು ಹಳೆಯ ಕಥೆ ಹೇಳದೆ ಮುಂದೆ ಹೋಗಲಾರೆ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ 300ಎಫ್ ಎಂಬ ಕಾರು ತಂದಿತು. ಅದರ 6.8 ಲೀಟರಿನ ವಿ8 ಎಂಜಿನ್ನಿಗೆ ಕೊಟ್ಟ ಗಾಳಿಯ ಕೊಳವೆಗಳ ಉದ್ದ 30 ಇಂಚು, ಅಂದರೆ ಎರಡೂವರೆ ಅಡಿ! ಇಷ್ಟು ಉದ್ದ ಎಲ್ಲಿ ಹಿಡಿಸೀತು? ಎಡಗಡೆಯ ಸಿಲಿಂಡರುಗಳ ಕಾರ್ಬ್ಯುರೇಟರನ್ನು ಎಂಜಿನ್ನಿನ ಬಲಗಡೆ ಹೊರಕ್ಕೂ, ಬಲಗಡೆಯದನ್ನು ಎಡಗಡೆ ಹೊರಕ್ಕೂ ಇಟ್ಟು, ಕೊಳವೆಗಳನ್ನು ಎಂಜಿನ್ನಿನ ನೆತ್ತಿಯ ಮೇಲಿಂದ ಒಂದಕ್ಕೊಂದು ಅಡ್ಡ ಹಾಯಿಸಿದರು. ಬಾನೆಟ್ ತೆಗೆದ ಫೋಟೊ ನೋಡಿದರೆ ಎಂಜಿನ್ನೇ ಕಾಣುವುದಿಲ್ಲ, ಬರೀ ಕೊಳವೆಗಳು. ಹೀಗೆ 375 ಕುದುರೆ ಬಂತು. ಅದಕ್ಕಿಂತ ದೊಡ್ಡ ಮಾತೆಂದರೆ ಅತಿ ಹೆಚ್ಚಿನ ಟಾರ್ಕ್, ಅಂದರೆ ಜಗ್ಗು, 2,800 ಆರ್‌ಪಿಎಂಗೇ ಸಿಗುತ್ತಿತ್ತು.

ರೇಸಿಗೆ ಹೋಗುವವರಿಗೆ ಅದೇ ಕಂಪನಿ ಇನ್ನೊಂದು ಮ್ಯಾನಿಫೋಲ್ಡ್ ಕೊಟ್ಟಿತು. ಹೊರಗಿನಿಂದ ನೋಡಿದರೆ ಅಷ್ಟೇ ಉದ್ದ. ಆದರೆ ಒಳಗೆ ಕೊಳವೆ ಕೊಳವೆಗಳ ನಡುವಿನ ಗೋಡೆಯನ್ನು ಅರ್ಧಕ್ಕೆ ಕಡಿದಿದ್ದರು. ಗಾಳಿಯ ಪಾಲಿಗೆ ಉದ್ದ 15 ಇಂಚು ಮಾತ್ರ. ಕುದುರೆಗಳ ಸಂಖ್ಯೆ 400ಕ್ಕೆ ಏರಿತು, ಟಾರ್ಕ್ ಇಳಿದು ಮೇಲಿನ ಆರ್‌ಪಿಎಂಗೆ ಸರಿಯಿತು. ಈ ಗಿಡ್ಡ ಕೊಳವೆಯ ಕಾರುಗಳಿಗೆ ಫ್ರಾನ್ಸಿನಿಂದ ತರಿಸಿದ ನಾಲ್ಕು ಗೇರಿನ ಪೆಟ್ಟಿಗೆಯನ್ನು ಜೋಡಿಸಿದ್ದರು. ಯಾಕೆ? ಕೆಳಗಿನ ಬಲ ಹೋದ ಎಂಜಿನ್ನನ್ನು ಸದಾ ಮೇಲಿನ ಆರ್‌ಪಿಎಂನಲ್ಲಿ ಇಡಬೇಕಾದರೆ ಗೇರಿನ ಆಯ್ಕೆ ಕೈಯಲ್ಲಿರಬೇಕು. ಅಂಥ ಕಾರುಗಳು ತಯಾರಾದದ್ದು ಬೆರಳೆಣಿಕೆಯಷ್ಟು. ಮಿಕ್ಕವರಿಗೆಲ್ಲ ಕಂಪನಿ ಉದ್ದನೆಯದನ್ನೇ ಕೊಟ್ಟಿತು. ಆಮೇಲೆ 2001ರಲ್ಲಿ ಬಿಎಂಡಬ್ಲ್ಯು, ಓಡುತ್ತಿರುವಾಗಲೇ ಕೊಳವೆಯ ಉದ್ದ ನಿರಂತರವಾಗಿ ಬದಲಾಗುವ ಮ್ಯಾನಿಫೋಲ್ಡನ್ನು ತನ್ನ ವಿ8ಗೆ ಹಾಕಿತು. ಒಂದೇ ಅಳತೆಯಲ್ಲಿ ಎರಡೂ ಸಿಗುವುದಿದ್ದರೆ ಅಷ್ಟೆಲ್ಲ ಕಷ್ಟ ಯಾರು ಪಡುತ್ತಿದ್ದರು?

ಈಗ ನಮ್ಮ ದಾರಿಗೆ ಬರೋಣ. ಗ್ಯಾಸ್ಕೆಟ್ ಸರಿಯಾದ ಮೇಲೆ ಹುಡುಗ ನನ್ನನ್ನು ಕೂಡಿಸಿಕೊಂಡು ಕಟ್ಟಿಸಂಗಾವಿಯ ಭೀಮಾ ಸೇತುವೆಯ ಕಡೆ ಹೊರಟ. ಖಾಲಿ ರಸ್ತೆ ಸಿಕ್ಕಾಗ 5,000 ದಾಟಿಸಿದ. ಸುಳ್ಳು ಯಾಕೆ ಹೇಳಲಿ, ಆ ಸದ್ದಿಗೆ ಮೈ ಜುಂ ಅಂದಿತು. ಆದರೆ ಆ ಸುಖ ಸಿಕ್ಕದ್ದು ಒಂದೇ ಒಂದು ಸಲ. ಉಳಿದ ದಾರಿಯುದ್ದಕ್ಕೂ ಕಬ್ಬು ಹೇರಿಕೊಂಡು ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು, ಹಂಪು, ತಗ್ಗು, ಅಡ್ಡ ಬರುವ ಎಮ್ಮೆ. ಭೂಸನೂರ ಇರಲಿ, ಹಾವಳಗಾ ಇರಲಿ, ಸಕ್ಕರೆ ಕಾರ್ಖಾನೆ ಚಾಲೂ ಆಯಿತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ರಸ್ತೆ ಹೀಗೆಯೇ. ಟ್ರಾಲಿಯ ಹಿಂದೆ ಮೂರನೆಯ ಗೇರಿನಲ್ಲಿ ತೆವಳಿ, ಸಂದು ಸಿಕ್ಕ ಕೂಡಲೇ ಹಾಯ್ದು ಹೋಗಬೇಕಾದಾಗ ಮುಳ್ಳು ಇರುವುದು 2,000ದ ಆಸುಪಾಸಿನಲ್ಲಿ. ಹೊಸ ಮ್ಯಾನಿಫೋಲ್ಡ್ ಕೈಕೊಡುವುದು ಸರಿಯಾಗಿ ಅಲ್ಲಿಯೇ. ಹುಡುಗ ಎರಡನೆಯ ಗೇರಿಗೆ ಇಳಿಸಿ ಒದರಿಸುವಷ್ಟರಲ್ಲಿ ಎದುರಿಗೆ ಬಸ್ ಬಂದಿರುತ್ತಿತ್ತು. ಟ್ರ್ಯಾಕ್ಟರ್ ಜಗ್ಗಾಟದ ಪಂದ್ಯಕ್ಕೆ ಸಾವಿರಾರು ಮಂದಿ ಸೇರುವ ಸೀಮೆ ಇದು. ಕೆಳಗಿನ ಜಗ್ಗು ಎಂದರೇನೆಂದು ನಮ್ಮವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಕಾರಿನ ವಿಷಯಕ್ಕೆ ಬಂದಾಗ ಮಾತ್ರ ಅದನ್ನು ಮರೆತು ಕುದುರೆ ಎಣಿಸುತ್ತಾರೆ.

ಎರಡನೆಯ ತಕರಾರು ಪೆಟ್ರೋಲಿನ ಲೆಕ್ಕದ್ದು. ಈ ಕಾರಿನ ಕಂಪ್ಯೂಟರ್ ಒಳಬಂದ ಗಾಳಿಯನ್ನು ನೇರವಾಗಿ ತೂಗುವುದಿಲ್ಲ. ಮ್ಯಾನಿಫೋಲ್ಡಿನೊಳಗಿನ ಒತ್ತಡ ನೋಡಿ, ಕಂಪನಿಯವರು ಹಳೆಯ ಮ್ಯಾನಿಫೋಲ್ಡ್ ಇಟ್ಟು ಬರೆದ ಕೋಷ್ಟಕದಿಂದ ಅಂದಾಜು ಹಾಕುತ್ತದೆ. ಡಬ್ಬಿ, ಕೊಳವೆ ಬದಲಾದರೆ ಕೋಷ್ಟಕ ಸುಳ್ಳಾಗುತ್ತದೆ. ನಿಧಾನವಾಗಿ ಓಡಿಸುವಾಗ ಆಕ್ಸಿಜನ್ ಸೆನ್ಸರ್ ತಿದ್ದಿಕೊಳ್ಳುತ್ತದೆ. ಪೂರ್ತಿ ಒತ್ತಿದಾಗ ಆ ತಿದ್ದುಪಡಿ ಕೆಲಸ ಮಾಡುವುದಿಲ್ಲ. ಅಲ್ಲಿ ಪೆಟ್ರೋಲ್ ಕಡಿಮೆ ಬಿದ್ದರೆ ಪಿಸ್ಟನ್ನಿಗೇ ಕುತ್ತು. ಸಾಲದ್ದಕ್ಕೆ ಈಗ ಬಂಕುಗಳಲ್ಲಿ ಶೇ 20 ಎಥೆನಾಲ್ ಬೆರೆತ ಇ20. ಒಂದು ಕಿಲೊ ಪೆಟ್ರೋಲ್ ಉರಿಯಲು 14.7 ಕಿಲೊ ಗಾಳಿ ಬೇಕಾದರೆ ಎಥೆನಾಲಿಗೆ 9 ಕಿಲೊ ಸಾಕು. ಆದ್ದರಿಂದ ಅಷ್ಟೇ ಗಾಳಿಗೆ ಇಂಧನ ಇನ್ನೂ ಜಾಸ್ತಿ ಬೇಕು. ಕಂಪನಿಯ ಆ ಹಳೆಯ ಕೋಷ್ಟಕಕ್ಕೆ ಇದರ ಗಂಧವೂ ಇಲ್ಲ. ಎಥೆನಾಲ್ ನಾಕಿಂಗ್ ತಡೆಯುತ್ತದೆ ನಿಜ, ಆದರೆ ಅದು ಲೆಕ್ಕ ತಪ್ಪಿದ್ದಕ್ಕೆ ಪರಿಹಾರವಲ್ಲ. ಹೊಸದಾಗಿ ಟ್ಯೂನಿಂಗ್ ಮಾಡಿಸಲೇಬೇಕು. ಅದಕ್ಕೆ ಡೈನೊ ಯಂತ್ರ ಇರುವ ದೊಡ್ಡ ಊರಿಗೆ ಹೋಗಬೇಕು, ಬಿಡಿಭಾಗದಷ್ಟೇ ದುಡ್ಡು ಮತ್ತೆ ಸುರಿಯಬೇಕು.

ಮೂರನೆಯದು ಬಿಸಿಲು ಮತ್ತು ಎರೆಮಣ್ಣು. ಕಂಪನಿಯ ಏರ್ ಫಿಲ್ಟರ್ ಡಬ್ಬಿ ಹೊರಗಿನ ತಣ್ಣನೆಯ ಗಾಳಿ ತರುತ್ತಿತ್ತು. ಹೊಸ ಥ್ರಾಟಲಿಗೆ ಅದು ಕೂಡದೆ, ಎಂಜಿನ್ ಪಕ್ಕದಲ್ಲೇ ತೆರೆದ ಕೋನ್ ಫಿಲ್ಟರ್ ಸಿಕ್ಕಿಸಿದ್ದರು. ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೇ 43, 44 ಡಿಗ್ರಿ. ಬಾನೆಟ್ಟಿನೊಳಗೆ ಕೇಳುವುದೇ ಬೇಡ. ಎಂಜಿನ್ ಎಳೆಯುವ ಗಾಳಿ 45ರಿಂದ 65 ಡಿಗ್ರಿಗೆ ಏರಿದರೆ ಅದರ ಸಾಂದ್ರತೆ ಸುಮಾರು ಶೇ 6ರಷ್ಟು ಇಳಿಯುತ್ತದೆ. 106 ಕುದುರೆಯಲ್ಲಿ ಆರು ಕುದುರೆ ಅಲ್ಲಿಯೇ ಮಾಯ. ಉಸ್ತಾದರು ಥ್ರಾಟಲಿನ ಒಳಗೆ ಬೆರಳಾಡಿಸಿ ತೋರಿಸಿದರು. ಕಪ್ಪು ಹುಡಿ ಎಣ್ಣೆಯೊಡನೆ ಕಲೆತು ಕಾಡಿಗೆಯಂತೆ ಅಂಟಿತ್ತು. ಹೊಲದ ದಾರಿಯ ಆ ಧೂಳು ಸಿಲಿಂಡರಿಗೆ ಹೋದರೆ ಪಿಸ್ಟನ್ ರಿಂಗುಗಳನ್ನು ಉಜ್ಜಿ ಸವೆಸುತ್ತದೆ. ಆಮೇಲೆ ಹೊಗೆ, ಆಮೇಲೆ ಬೋರಿಂಗ್.

ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಒಂದು ಸಣ್ಣ ರಬ್ಬರ್ ಪೈಪು. ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತ ಮ್ಯಾನಿಫೋಲ್ಡಿನಿಂದಲೇ ಹೋಗುತ್ತದೆ. ಹೊಸದರಲ್ಲಿ ಆ ತೂತಿನ ಅಳತೆ ಬೇರೆ ಇದ್ದದ್ದರಿಂದ ಪೈಪನ್ನು ತಂತಿ ಸುತ್ತಿ ಬಿಗಿದಿದ್ದರು. ಅದು ಕಳಚಿದರೆ ಪೆಡಲ್ ಕಲ್ಲಾಗುತ್ತದೆ. ಮೊದಲ ಒಂದೆರಡು ಸಲ ನಿಂತೀತು, ಆಮೇಲೆ ನಿಲ್ಲಿಸಲು ಕಾಲಿನ ಕಸುವೆಲ್ಲ ಹಾಕಬೇಕು. ಉಸ್ತಾದರು ಬೇರೆ ಎಲ್ಲ ಕೆಲಸ ಬಿಟ್ಟು ಮೊದಲು ಅಲ್ಲಿಗೆ ಸರಿಯಾದ ಕ್ಲಿಪ್ ಹಾಕಿದರು.

ಕಾನೂನಿನ ಮಾತು ಚುಟುಕಾಗಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಒಂದೊಂದು ಬದಲಾವಣೆಗೂ ₹5,000 ದಂಡ, ಅಥವಾ ಎರಡೂ. ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಬಾನೆಟ್ ಎತ್ತಿಸಿ ಮ್ಯಾನಿಫೋಲ್ಡ್ ನೋಡುವ ಪೊಲೀಸರನ್ನು ನಾನಂತೂ ಕಂಡಿಲ್ಲ. ಆದರೆ ಅಪಘಾತವಾದ ಮೇಲೆ ವಿಮೆಯ ಸರ್ವೇಯರ್ ನೋಡಿಯೇ ನೋಡುತ್ತಾರೆ.

ಹಾಗಾದರೆ ಈ ಹುಚ್ಚೇ ಬೇಡವೇ? ರೇಸ್ ಟ್ರ್ಯಾಕಿಗೆ ಹೋಗುವವರಿಗೆ, ಕ್ಯಾಮ್, ಎಕ್ಸಾಸ್ಟ್, ಟ್ಯೂನಿಂಗ್ ಎಲ್ಲವನ್ನೂ ಒಂದು ಲೆಕ್ಕದಲ್ಲಿ ಮಾಡಿಸುವವರಿಗೆ ಇದು ಸರಿಯಾದ ಬಿಡಿಭಾಗವೇ. ಆಳಂದ, ಅಫಜಲಪುರ, ಜೇವರ್ಗಿಯ ನಡುವೆ ಓಡಾಡುವ ಕಾರಿಗೆ ಅಲ್ಲ. ಇಲ್ಲಿ ಅದೇ ದುಡ್ಡಿಗೆ ಒಳ್ಳೆಯ ಟೈರು, ಬ್ರೇಕ್ ಪ್ಯಾಡು, ಹೊಸ ಪ್ಲಗ್ಗು, ಎರಡು ತಿಂಗಳಿಗೊಮ್ಮೆ ಬದಲಿಸಲು ಕಂಪನಿಯ ಫಿಲ್ಟರ್ ಬಂದರೆ ಕಾರು ನಿಜವಾಗಿಯೂ ಚುರುಕಾಗುತ್ತದೆ. ಹೊಸ ಸ್ಲಾವಿಯಾ, ವರ್ಟಸ್ ಕಾರು ಕೊಂಡವರಿಗೆ ಈ ಆಸೆ ಹುಟ್ಟಿದರೂ ಅಷ್ಟು ಸುಲಭವಿಲ್ಲ: ಅವುಗಳ 1.0 ಟಿಎಸ್‌ಐ ಎಂಜಿನ್ನಿನಲ್ಲಿ ಇಂಟರ್‌ಕೂಲರನ್ನು ಮ್ಯಾನಿಫೋಲ್ಡಿನ ಒಳಗೇ ಕೂಡಿಸಿದ್ದಾರೆ. ಒಂದನ್ನು ತೆಗೆದರೆ ಎರಡೂ ಹೋದವು.

ಇಷ್ಟೆಲ್ಲ ಓದಿದ ಮೇಲೂ ಹಾಕಿಸಿಯೇ ತೀರುತ್ತೇನೆ ಎನ್ನುವವರಿಗೆ ಒಂದೇ ಕಿವಿಮಾತು. ಬಿಚ್ಚಿದ ಹಳೆಯ ಮ್ಯಾನಿಫೋಲ್ಡನ್ನು, ಅದರ ಬ್ರ್ಯಾಕೆಟ್, ಬೋಲ್ಟು, ಫಿಲ್ಟರ್ ಡಬ್ಬಿ ಸಮೇತ ಕಟ್ಟಿಡಿ. ಗುಜರಿಯವನಿಗೆ ಕೊಡಬೇಡಿ. ತಯಾರಿಕೆ ನಿಂತು ಇಪ್ಪತ್ತು ವರ್ಷ ದಾಟಿದ ಕಾರಿಗೆ ಅದು ಮತ್ತೆ ಸಿಗುವುದು ಕಷ್ಟ. ಅಫಜಲಪುರದ ಆ ಹುಡುಗ ಪುಣೆಯ ರೂಮಿನಲ್ಲಿ ಮಂಚದ ಕೆಳಗೆ ಇಟ್ಟಿದ್ದಾನಂತೆ. ಬುದ್ಧಿವಂತ.