ಚುಕ್ಕೆಯ ತಾಯಿಗೆ ಕಪ್ಪು ಮರಿ

ಶಿವಮೊಗ್ಗದಿಂದ ಹೊರಟು ಭದ್ರಾವತಿಯನ್ನು ದಾಟಿ ಭದ್ರಾ ಅಣೆಕಟ್ಟಿನ ಕಡೆಗೆ ಸಾಗಿದರೆ, ಹಿನ್ನೀರಿನ ಸುತ್ತ ಹಬ್ಬಿರುವ ದಟ್ಟವಾದ ಅಡವಿಯು ಎದುರಾಗುತ್ತದೆ. 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಈ ಅರಣ್ಯದಲ್ಲಿ, ಚುಕ್ಕೆಯ ಚಿರತೆಗಳ ನಡುವೆ, ಕಾಡಿಗೆಯಂತೆ ಕಪ್ಪಾದ ಚಿರತೆಯೂ ಅಪರೂಪಕ್ಕೆ ಕಾಣಬರುತ್ತದೆ. ಇದು ಬೇರೆಯೇ ಒಂದು ಪ್ರಾಣಿಯೆಂದು ಭಾವಿಸುವವರು ಇಂದಿಗೂ ಉಂಟು. ಆದರೆ ಓರೆಬಿಸಿಲಿನಲ್ಲಿ ಅದರ ಮೈಯನ್ನು ದಿಟ್ಟಿಸಿದರೆ ಕಪ್ಪಿನೊಳಗೆ ಅವೇ ಚುಕ್ಕೆಗಳು ಮಸುಕಾಗಿ ತೋರುತ್ತವೆ. ಚುಕ್ಕೆಯ ತಂದೆತಾಯಿಗಳಿಗೇ ಇಂಥ ಮರಿ ಹುಟ್ಟಬಲ್ಲುದು. ಇದಕ್ಕೆ ಕಾರಣವೇನು?

ಚಿರತೆಯ ರೋಮದ ಬಣ್ಣಗಳು ಮುಖ್ಯವಾಗಿ ಎರಡು: ಕಪ್ಪು ಮತ್ತು ಹಳದಿ. ರೋಮದ ಬುಡದಲ್ಲಿರುವ ವರ್ಣಕೋಶಗಳಿಗೆ ‘ಹಳದಿಯನ್ನು ತಯಾರಿಸಿ’ ಎಂಬ ಆಜ್ಞೆಯನ್ನು ಒಯ್ಯುವ ಅಗೌಟಿ ಎಂಬ ಪ್ರೋಟೀನು ಒಂದುಂಟು. ಅದನ್ನು ನಿರ್ಮಿಸುವ ವಂಶವಾಹಿಯು ಕೆಟ್ಟರೆ ಆಜ್ಞೆಯು ತಲುಪದು, ಮೈಯೆಲ್ಲ ಕಪ್ಪಾಗುತ್ತದೆ. ಕಪ್ಪು ಚಿರತೆಯಲ್ಲಿ ಹೀಗೆಯೇ ನಡೆದಿದೆಯೆಂಬುದನ್ನು 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿಕೊಟ್ಟಿತು.

ಪ್ರತಿಯೊಂದು ಪ್ರಾಣಿಯಲ್ಲಿಯೂ ಈ ವಂಶವಾಹಿಯ ಪ್ರತಿಗಳು ಎರಡಿರುತ್ತವೆ. ಒಂದು ತಾಯಿಯಿಂದ ಬಂದದ್ದು, ಮತ್ತೊಂದು ತಂದೆಯಿಂದ. ಒಂದು ಪ್ರತಿ ಕೆಟ್ಟರೂ ಇನ್ನೊಂದು ತಯಾರಿಸುವ ಪ್ರೋಟೀನು ಕೆಲಸಕ್ಕೆ ಸಾಲುತ್ತದೆ. ಆದುದರಿಂದ ಅಂಥ ಚಿರತೆಯು ನೋಟಕ್ಕೆ ಚುಕ್ಕೆಯದೇ. ಕಪ್ಪು ಅದರಲ್ಲಿ ಅಡಗಿರುತ್ತದೆ. ಇಂಥ ವಂಶವಾಹಿಯನ್ನು ಅಪ್ರಬಲವೆಂದು ಕರೆಯುತ್ತಾರೆ. ಅಡಗಿಸಿಕೊಂಡ ಎರಡು ಚಿರತೆಗಳು ಕೂಡಿದಾಗ ಪ್ರತಿ ಮರಿಯೂ ಕಪ್ಪಾಗುವ ಸಂಭವ ನಾಲ್ಕರಲ್ಲಿ ಒಂದು. (ಅಮೆರಿಕದ ಜಾಗ್ವಾರಿನಲ್ಲಿಯೂ ಕಪ್ಪು ಬಣ್ಣವುಂಟು, ವಿಚಿತ್ರವೆಂದರೆ ಅಲ್ಲಿ ಅದು ಬೇರೊಂದು ವಂಶವಾಹಿಯಿಂದ ಬಂದದ್ದು, ಪ್ರಬಲವಾದದ್ದು.)

ಅಡಗಿದ ಬಣ್ಣವನ್ನು ಹೊರಗೆಳೆದ ಪ್ರಸಿದ್ಧ ಉದಾಹರಣೆಯು ನಮ್ಮ ದೇಶದಲ್ಲಿಯೇ ಇದೆ. 1951ರಲ್ಲಿ ರೀವಾದ ಮಹಾರಾಜ ಮಾರ್ತಾಂಡ ಸಿಂಗರು ಬಿಳಿಯ ಹುಲಿಮರಿಯೊಂದನ್ನು ಹಿಡಿಸಿ ಮೋಹನ್ ಎಂದು ಹೆಸರಿಟ್ಟರು. ಸಾಮಾನ್ಯ ಬಣ್ಣದ ಬೇಗಂ ಎಂಬ ಹೆಣ್ಣುಹುಲಿಯಲ್ಲಿ ಅದಕ್ಕೆ ಹುಟ್ಟಿದ ಮರಿಗಳಲ್ಲಿ ಒಂದೂ ಬಿಳಿಯದಾಗಲಿಲ್ಲ. ಬಳಿಕ ಮೋಹನನನ್ನು ಅದರ ಮಗಳಾದ ರಾಧೆಯೊಂದಿಗೇ ಕೂಡಿಸಲಾಯಿತು. 1958ರಲ್ಲಿ ನಾಲ್ಕು ಮರಿಗಳು ಹುಟ್ಟಿದುವು, ನಾಲ್ಕೂ ಬಿಳಿಯವು! ಲೆಕ್ಕದಂತೆ ಎರಡು ಸಾಕಾಗಿತ್ತು; ನಾಲ್ಕೂ ಬಿಳಿಯಾಗುವ ಸಂಭವ ಹದಿನಾರರಲ್ಲಿ ಒಂದು. ಆಂಡೀಸ್ ಪರ್ವತಗಳ ಚಿಂಚಿಲವೆಂಬ ಮೆದುರೋಮದ ಪುಟ್ಟ ಪ್ರಾಣಿಯನ್ನು ಸಾಕುವವರು ನೇರಿಳೆ ಮತ್ತು ನೀಲಿ ಛಾಯೆಯ ತಳಿಗಳನ್ನು ಉಳಿಸಿಕೊಂಡು ಬಂದಿರುವುದೂ ಅಪ್ರಬಲ ವಂಶವಾಹಿಗಳನ್ನು ಜೊತೆಗೂಡಿಸಿಯೇ.

ಆದರೆ ರಕ್ತಸಂಬಂಧಿಗಳನ್ನು ಕೂಡಿಸಿದಾಗ ಬಣ್ಣವೊಂದೇ ಹೊರಬೀಳುವುದಿಲ್ಲ. ಅದರೊಂದಿಗೆ ಅಡಗಿದ್ದ ಕೆಡುಕುಗಳೂ ಜೋಡಿಯಾಗಿ ಮೇಲೇಳುತ್ತವೆ. ಬಿಳಿಹುಲಿಗಳ ವಂಶದಲ್ಲಿ ಎಳೆಯ ಮರಿಗಳ ಸಾವು, ಮೈಯ ವಿಕಾರಗಳು ಮರಳಿ ಮರಳಿ ಕಂಡುಬಂದುವು. ಪ್ರೇಕ್ಷಕರ ಕುತೂಹಲಕ್ಕಾಗಿ ತೆತ್ತ ಈ ಬೆಲೆ ಅತಿಯಾಯಿತೆಂದೇ ನನ್ನ ಅಭಿಪ್ರಾಯ.

ಭದ್ರೆಯ ಕಪ್ಪು ಚಿರತೆಗೆ ಇಂಥ ಬಲವಂತದ ಸಂತಾನವು ಬೇಕಿಲ್ಲ. ಕಪ್ಪು ವಂಶವಾಹಿಯ ಭಂಡಾರವು ಬಹುಮಟ್ಟಿಗೆ ಚುಕ್ಕೆಯ ಚಿರತೆಗಳಲ್ಲಿಯೇ ಇದೆ. ಒಂದು ಕಾಡಿನಲ್ಲಿ ಇಪ್ಪತ್ತೈದು ಚಿರತೆಗಳಿದ್ದು, ಅವುಗಳಲ್ಲಿ ಒಂದು ಮಾತ್ರ ಕಪ್ಪೆಂದು ಭಾವಿಸೋಣ. 1908ರಲ್ಲಿ ಹಾರ್ಡಿ ಮತ್ತು ವೈನ್‌ಬರ್ಗ್ ಎಂಬಿಬ್ಬರು ಬೇರೆಬೇರೆಯಾಗಿ ನಿರೂಪಿಸಿದ ನಿಯಮದಂತೆ, ಕೂಡುವಿಕೆಯಲ್ಲಿ ಬಣ್ಣದ ಆಯ್ಕೆಯಿಲ್ಲದಿದ್ದರೆ, ಉಳಿದ ಇಪ್ಪತ್ತನಾಲ್ಕರಲ್ಲಿ ಸುಮಾರು ಎಂಟು ಚಿರತೆಗಳು ಕಪ್ಪನ್ನು ಅಡಗಿಸಿಕೊಂಡಿರುತ್ತವೆ. ಈ ಎಂಟಕ್ಕೂ ಮಿಕ್ಕ ಹದಿನಾರಕ್ಕೂ ನೋಟದಲ್ಲಿ ಭೇದವಿಲ್ಲ. ಕಾಡಂಚಿನ ಅಡಕೆ ತೋಟದ ಬಳಿ ಹಂದಿಗೆಂದು ಒಡ್ಡಿದ ಉರುಳಿಗೆ ಚುಕ್ಕೆಯ ಚಿರತೆಯೊಂದು ಸಿಕ್ಕಿ ಸತ್ತರೆ, ಅದು ಎಂಟರಲ್ಲಿ ಒಂದೋ ಹದಿನಾರರಲ್ಲಿ ಒಂದೋ ಎಂಬುದನ್ನು ಅದರ ತೊಗಲು ಹೇಳಲಾರದು.